ರಾಯರ ಭಕ್ತರೂ ಮರೆಯದ ಬ್ರಿಟಿಷ್ ಅಧಿಕಾರಿ ಥಾಮಸ್ ಮನ್ರೋ
ಮಣಿಕೊಂಡ (ಹೈದರಾಬಾದ್): ಟಿಪ್ಪುವಿನಿಂದ ದಕ್ಕಿದ್ದ ಬಳ್ಳಾರಿ, ಕಡಪ ಸೀಮೆಯನ್ನು ಹೈದರಾಬಾದ್ ನಿಜಾಮ 1800ರಲ್ಲಿ ಬ್ರಿಟಿಷ್ ಸೈನ್ಯದ ಖರ್ಚಿಗೆಂದು ಈಸ್ಟ್ ಇಂಡಿಯಾ ಕಂಪನಿಗೆ ಬಿಟ್ಟುಕೊಟ್ಟ. ಅಲ್ಲಿಗೆ ಕಲೆಕ್ಟರ್ ಆಗಿ ಬಂದವರು 1761ರಲ್ಲಿ ಗ್ಲಾಸ್ಗೋದಲ್ಲಿ ಹುಟ್ಟಿದ ಥಾಮಸ್ ಮನ್ರೋ. ಪಾಳೆಗಾರರನ್ನು ಹತ್ತಿಕ್ಕಿ, ಹೊಲಗಳನ್ನು ಅಳೆಸಿ, ರೈತರಿಂದಲೇ ನೇರವಾಗಿ ಕಂದಾಯ ಪಡೆಯುವ ರೈತವಾರಿ ಪದ್ಧತಿ ತಂದರು. ಮಧ್ಯವರ್ತಿಯ ಕಾಟ ತಪ್ಪಿತು, ಕಂದಾಯದ ಹೊರೆ ತಪ್ಪಲಿಲ್ಲ.

ಮಂತ್ರಾಲಯದಲ್ಲಿ ರಾಯರು ಇವರಿಗೆ ದರ್ಶನ ಕೊಟ್ಟರೆಂಬ ಕಥೆ ಇಂದಿಗೂ ಜನಪ್ರಿಯ. ಮದ್ರಾಸ್ ಗವರ್ನರ್ ಆಗಿದ್ದಾಗಲೇ, 1827ರ ಜುಲೈ 6ರಂದು, ಪತ್ತಿಕೊಂಡದಲ್ಲಿ ಕಾಲರಾಕ್ಕೆ ಬಲಿಯಾದರು.

ಕಂಪನಿ ಮದ್ರಾಸ್‌ಗೆ ಸೇರಿಸಿದ್ದ ಬಳ್ಳಾರಿ ಮೈಸೂರಿಗೆ ಬಂದದ್ದು 1953ರಲ್ಲಿ. ಮಂತ್ರಾಲಯವಿದ್ದ ಆದೋನಿ, ಜೊತೆಗೆ ಆಲೂರು, ರಾಯದುರ್ಗ ತಾಲೂಕುಗಳು ಆಂಧ್ರದ ಪಾಲಾದವು. ಹೀಗಾಗಿ ರಾಯರ ಮಠಕ್ಕೆ ಹೋಗುವ ಬಳ್ಳಾರಿಯವರು ಇಂದು ರಾಜ್ಯದ ಗಡಿ ದಾಟುತ್ತಾರೆ.