ಬಾಡಿಗೆ ಜಾಗದಲ್ಲಿ ಶುರುವಾದ ಶಾಲೆ: ಕುದ್ಮುಲ್ ರಂಗರಾಯರು

ಹಾಸನ, ಹೊಳೆನರಸೀಪುರ, ಅರಕಲಗೂಡು, ಚನ್ನರಾಯಪಟ್ಟಣದ ಕಡೆ ವ್ಯಾಪಾರ ಅಂತ ಬಂದು ನೆಲೆನಿಂತ ನಾವು ಮದುವೆ ಮುಂಜಿಗೆ ಶಿರಾಡಿ ಘಾಟಿ ಇಳಿದು ಮಂಗಳೂರಿಗೆ ಹೋಗುತ್ತಲೇ ಇರುತ್ತೇವೆ. ಅಲ್ಲಿನ ಪುರಭವನಕ್ಕೆ ಕುದ್ಮುಲ್ ರಂಗರಾವ್ ಅವರ ಹೆಸರಿದೆ. ಯಾರಿವರು ಅಂತ ಮಕ್ಕಳು ಕೇಳಿದರೆ ನಮ್ಮಲ್ಲಿ ಹೆಚ್ಚಿನವರ ಬಳಿ ಉತ್ತರ ಇಲ್ಲ.

1859ರಲ್ಲಿ ಕಾಸರಗೋಡಿನ ಸಾರಸ್ವತ ಬ್ರಾಹ್ಮಣ ಮನೆತನದಲ್ಲಿ ಹುಟ್ಟಿದವರು. ಮಂಗಳೂರಿಗೆ ಬಂದು ವಕೀಲರಾದರು, ಬ್ರಹ್ಮ ಸಮಾಜ ಸೇರಿದರು. ಹಾಯಾಗಿ ಇರಬಹುದಿತ್ತು. ಆದರೆ ಆಗ ದಲಿತರ ಮಕ್ಕಳಿಗೆ ಶಾಲೆಯ ಬಾಗಿಲೇ ಇರಲಿಲ್ಲ. 1892ರಲ್ಲಿ ಅವರು ಉರ್ವ ಚಿಲಿಂಬಿಯಲ್ಲಿ ಒಂದು ಬಾಡಿಗೆ ಜಾಗ ಹಿಡಿದು ಆ ಮಕ್ಕಳಿಗಾಗಿ ಶಾಲೆ ತೆರೆದರು. ಕಲಿಸಲು ಮೇಷ್ಟ್ರು ಸಿಗುವುದೇ ಕಷ್ಟವಾಯಿತು. ಸುತ್ತಲಿನವರ ಕಿರುಕುಳ ತಾಳದೆ ಶಾಲೆಯನ್ನು ಜಾಗದಿಂದ ಜಾಗಕ್ಕೆ ಹೊತ್ತು ತಿರುಗಬೇಕಾಯಿತು. ಸ್ವಂತ ಜಾತಿಯವರು ಅವರನ್ನೇ ಹೊರಗಿಟ್ಟರು. ಆದರೂ ಬಿಡಲಿಲ್ಲ. 1897ರಲ್ಲಿ ಡಿಪ್ರೆಸ್ಡ್ ಕ್ಲಾಸಸ್ ಮಿಷನ್ ಕಟ್ಟಿದರು. ಕೊನೆಗೆ ಕೊಡಿಯಾಲಬೈಲಿನಲ್ಲಿ ಸ್ವಂತ ನೆಲೆ ಸಿಕ್ಕಿತು. ಅಕ್ಷರದ ಜೊತೆ ನೇಯ್ಗೆಯಂಥ ಕೈಕಸುಬನ್ನೂ ಕಲಿಸಿದರು; ಹಸಿದ ಮಗು ಪಾಠ ಕೇಳುವುದಿಲ್ಲ ಅನ್ನುವುದು ಗೊತ್ತಿದ್ದರಿಂದ ಮಧ್ಯಾಹ್ನದ ಊಟ ಕೊಟ್ಟರು. ಇವತ್ತಿನ ಬಿಸಿಯೂಟವನ್ನು ಹೊಸದು ಅಂದುಕೊಂಡವರು ಇದನ್ನು ಗಮನಿಸಬೇಕು.

ನೂರು ವರ್ಷ ಕಳೆದ ಮೇಲೆ ಕಿತ್ತಳೆ ಮಾರುವ ನಮ್ಮ ಹರೇಕಳ ಹಾಜಬ್ಬರು ನ್ಯೂಪಡ್ಪುವಿನ ಮದರಸದಲ್ಲಿ ಶಾಲೆ ಶುರು ಮಾಡಿದ್ದು ನಮಗೆಲ್ಲ ಗೊತ್ತು. ಇಬ್ಬರ ಕಾಲ ಬೇರೆ, ಕಷ್ಟವೂ ಬೇರೆ. ಹಾಜಬ್ಬರಿಗೆ ದುಡ್ಡಿನ ಕೊರತೆ ಇತ್ತು, ರಂಗರಾಯರಿಗೆ ತಮ್ಮವರೇ ಎದುರು ನಿಂತಿದ್ದರು. ಎರಡನೆಯದು ಹೆಚ್ಚು ಭಾರ ಅನ್ನಿಸುತ್ತದೆ ನಮಗೆ.

ಹೇಳಿದ್ದನ್ನು ಮನೆಯಲ್ಲೂ ಮಾಡಿ ತೋರಿಸಿದವರು ಅವರು. ವಿಧವೆಯಾಗಿದ್ದ ಮಗಳು ರಾಧಾಬಾಯಿಗೆ ಬೇರೆ ಜಾತಿಯ ಸುಬ್ಬರಾಯನ್ ಜೊತೆ ಮರುಮದುವೆ ಮಾಡಿಸಿದರು. ಸುಬ್ಬರಾಯನ್ ಮುಂದೆ ಮದ್ರಾಸ್ ಪ್ರಾಂತ್ಯದ ಪ್ರಧಾನಿಯಾದರು, ರಾಧಾಬಾಯಿ ಲಂಡನ್ನಿನ ದುಂಡು ಮೇಜಿನ ಪರಿಷತ್ತಿಗೆ ಹೋದರು. ಮೊಮ್ಮಗ ಜನರಲ್ ಕುಮಾರಮಂಗಲಂ ಭೂಸೇನೆಯ ಮುಖ್ಯಸ್ಥರಾದರು.

ಕೊನೆಗಾಲದಲ್ಲಿ ಸನ್ಯಾಸ ತೆಗೆದುಕೊಂಡು ಈಶ್ವರಾನಂದ ಅನಿಸಿಕೊಂಡ ರಂಗರಾಯರು 1928ರ ಜನವರಿ 30ರಂದು ತೀರಿಕೊಂಡರು. ತಮ್ಮ ಶವವನ್ನು ದಲಿತರೇ ಹೊರಬೇಕು ಅಂತ ಮೊದಲೇ ಹೇಳಿಟ್ಟಿದ್ದರು, ಹಾಗೇ ಆಯಿತು. ಅತ್ತಾವರದ ಬಾಬುಗುಡ್ಡೆಯಲ್ಲಿ ಅವರ ಸಮಾಧಿ ಇದೆ. ಮಂಗಳೂರು ರೈಲು ನಿಲ್ದಾಣದಿಂದ ಹೆಚ್ಚು ದೂರವಿಲ್ಲ.