ಸರ್ವಜ್ಞ ಸೋಮೇಶ್ವರ

ಆರನೆಯ ವಿಕ್ರಮಾದಿತ್ಯನ ಮಗನಾದ ಮೂರನೆಯ ಸೋಮೇಶ್ವರನು ಸುಮಾರು ಕ್ರಿ. ಶ. 1126ರಲ್ಲಿ ಕಲ್ಯಾಣದ ಸಿಂಹಾಸನವನ್ನೇರಿದನು. ಭೂಲೋಕಮಲ್ಲನೆಂಬ ಬಿರುದಿದ್ದರೂ ಅವನಿಗೆ ಯುದ್ಧಕ್ಕಿಂತ ವಿದ್ಯೆಯಲ್ಲಿಯೇ ಒಲವು ಹೆಚ್ಚು. ಅವನು ಸಂಸ್ಕೃತದಲ್ಲಿ ರಚಿಸಿದ ‘ಮಾನಸೋಲ್ಲಾಸ’ವು 100 ಅಧ್ಯಾಯಗಳ ಮಹಾಗ್ರಂಥ. ರಾಜನೀತಿ, ಪಾಕ, ಸಂಗೀತಗಳೊಡನೆ ಅಶ್ವವಿದ್ಯೆಗೂ ಅದರಲ್ಲಿ ಸ್ಥಾನವುಂಟು. ಕುದುರೆಗಳ ಲಕ್ಷಣ, ನಡೆ, ಅವುಗಳನ್ನೇರಿ ಚೆಂಡಾಡುವ ವಾಜಿವಾಹ್ಯಾಳಿ ವಿನೋದ ಇವೆಲ್ಲವನ್ನೂ ಅವನು ವರ್ಣಿಸಿದ್ದಾನೆ. ಓಡುವ ಕುದುರೆಯ ಮೇಲೆ ಒಂದು ಕೈಯಲ್ಲಿ ಕಡಿವಾಣ, ಇನ್ನೊಂದರಲ್ಲಿ ಕೋಲು ಹಿಡಿದಾಡುವ ಆಟವದು. ಸವಾರನ ಆಸನ ಭದ್ರವಾಗಿರಬೇಕು, ಮನಸ್ಸು ಶಾಂತವಾಗಿರಬೇಕು, ಕುದುರೆಯ ಇಂಗಿತ ತಿಳಿದಿರಬೇಕು.

ಆದರೆ ರಾಜ್ಯದ ಕಡಿವಾಣವು ಅವನ ಕಾಲದಲ್ಲಿ ಸಡಿಲಗೊಂಡಿತು. ಹೊಯ್ಸಳ ವಿಷ್ಣುವರ್ಧನನಂತಹ ಸಾಮಂತರು ಪ್ರಬಲರಾದರು. ಸುಮಾರು 1138ರಲ್ಲಿ ಸೋಮೇಶ್ವರನ ಆಳ್ವಿಕೆ ಮುಗಿಯಿತು. ಮುಂದೆ ಕಳಚುರಿ ಬಿಜ್ಜಳನು ಕಲ್ಯಾಣವನ್ನು ವಶಪಡಿಸಿಕೊಂಡನು. ಸಾಮ್ರಾಜ್ಯ ಅಳಿಯಿತು; ಗ್ರಂಥ ಉಳಿಯಿತು. ಸೋಮೇಶ್ವರನು ಸರ್ವಜ್ಞಚಕ್ರವರ್ತಿಯೆಂದು ಖ್ಯಾತನಾದುದು ಖಡ್ಗದಿಂದಲ್ಲ, ಲೇಖನಿಯಿಂದ.