ಹುಳುಗಳ ಕುಲ ಬರೆದ ಲಿಬ್ಬಿ ಹೈಮನ್

ಮಳೆ ಹಿಡಿದ ನೆಲದಲ್ಲಿ ಕಲ್ಲನ್ನು ಮಗುಚಿದರೆ ಕೆಲವೊಮ್ಮೆ ಲೋಳೆಲೋಳೆಯಾದ, ಲಾಡಿಯಂತಹ ಹುಳು ಕಾಣಸಿಗುತ್ತದೆ. ಅದೇ ನೆಲವಾಸಿ ಚಪ್ಪಟೆ ಹುಳು. ಯಾರೂ ಲೆಕ್ಕಕ್ಕಿಡದ ಇಂತಹ ಜೀವಿಗಳ ಕುಲಗೋತ್ರವನ್ನು ನಿರ್ಣಯಿಸುವುದರಲ್ಲಿ ಬಾಳನ್ನು ಸವೆಸಿದವರು ಅಮೆರಿಕದ ಲಿಬ್ಬಿ ಹೈಮನ್.

ಆಕೆ 1888ರಲ್ಲಿ ಅಯೋವಾ ಸಂಸ್ಥಾನದಲ್ಲಿ, ವಲಸೆ ಬಂದ ಯಹೂದಿ ದಂಪತಿಗಳ ಮಗಳಾಗಿ ಜನಿಸಿದರು. ತಂದೆಯ ಬಟ್ಟೆ ವ್ಯಾಪಾರ ಕೈಹತ್ತಲಿಲ್ಲ. 1905ರಲ್ಲಿ ಹೈಸ್ಕೂಲನ್ನು ಮೊದಲಿಗಳಾಗಿ ಮುಗಿಸಿದ ಹುಡುಗಿಗೆ ದೊರೆತದ್ದು ಕಾರ್ಖಾನೆಯಲ್ಲಿ ಡಬ್ಬಗಳಿಗೆ ಚೀಟಿ ಅಂಟಿಸುವ ಕೆಲಸ. ಓದಿಸಿದ ಉಪಾಧ್ಯಾಯಿನಿಯೊಬ್ಬರು ಇದನ್ನು ತಿಳಿದು, ಷಿಕಾಗೊ ವಿಶ್ವವಿದ್ಯಾನಿಲಯದ ವಿದ್ಯಾರ್ಥಿವೇತನಕ್ಕೆ ದಾರಿ ಮಾಡಿಕೊಟ್ಟರು. ನಮ್ಮ ಮನೆತನದಲ್ಲಿ ಪದವಿಯ ಹೊಸ್ತಿಲಿಗೆ ಬಂದವರಲ್ಲಿ ನಾನೇ ಮೊದಲಿಗ. ಆ ಉಪಕಾರದ ತೂಕ ನನಗೆ ತಿಳಿಯುತ್ತದೆ.

ಆಕೆಗೆ ಸಸ್ಯಶಾಸ್ತ್ರದಲ್ಲಿ ಆಸೆಯಿತ್ತು. ಯಹೂದಿಯೆಂಬ ಕಾರಣಕ್ಕೆ ಅಲ್ಲಿ ಕಿರುಕುಳ ಎದುರಾದಾಗ ಪ್ರಾಣಿಶಾಸ್ತ್ರಕ್ಕೆ ಹೊರಳಿ, 1915ರಲ್ಲಿ ಡಾಕ್ಟರೇಟ್ ಪಡೆದರು. ವಿದ್ಯಾರ್ಥಿಗಳಿಗಾಗಿ ಬರೆದ ಪ್ರಯೋಗಶಾಲೆಯ ಕೈಪಿಡಿಗಳು ಚೆನ್ನಾಗಿ ಮಾರಾಟವಾಗಿ, ಅವುಗಳ ರಾಯಧನವೇ ಜೀವನಾಧಾರವಾಯಿತು. 1937ರಲ್ಲಿ ನ್ಯೂಯಾರ್ಕಿನ ಅಮೆರಿಕನ್ ನಿಸರ್ಗೇತಿಹಾಸ ಸಂಗ್ರಹಾಲಯದಲ್ಲಿ ಒಂದು ಕೋಣೆ ದೊರಕಿತು. ಸಂಬಳ ಮಾತ್ರ ದೊರಕಲಿಲ್ಲ.

ಚಪ್ಪಟೆ ಹುಳುವನ್ನು ಮದ್ಯಸಾರದಲ್ಲಿಟ್ಟರೆ ಬಣ್ಣ ಮಾಸಿ ಮೈ ಮುದುಡುತ್ತದೆ. ಹೊರಗಿನ ಗೆರೆಗಳನ್ನೇ ನಂಬಿ ಕುಲವನ್ನು ಹೇಳಲಾಗದು. ದೇಹವನ್ನು ಮೇಣದಲ್ಲಿ ಹುದುಗಿಸಿ, ಕಾಗದಕ್ಕಿಂತ ತೆಳುವಾಗಿ ಸಾಲಾಗಿ ಕೊಯ್ದು, ಬಣ್ಣವೇರಿಸಿ, ಒಂದೊಂದು ಚೂರನ್ನೂ ಸೂಕ್ಷ್ಮದರ್ಶಕದಲ್ಲಿ ನೋಡಿ, ಜನನಾಂಗಗಳ ರಚನೆಯನ್ನು ಮನಸ್ಸಿನಲ್ಲಿ ಮತ್ತೆ ಜೋಡಿಸಬೇಕು. ಆ ರಚನೆ ಹಿಂದೆ ತಿಳಿದ ಯಾವ ಕುಲಕ್ಕೂ ಹೊಂದದಿದ್ದರೆ ಮಾತ್ರ ಹೊಸ ಕುಲದ ಮಾತು. ಮೆಕ್ಸಿಕೋದ ಯುಕಟಾನ್ ಪ್ರದೇಶದ ಹುಳುಗಳನ್ನು ಪರೀಕ್ಷಿಸಿ ಆಕೆ 1938ರಲ್ಲಿ ಡೈಪೊರೊಡೆಮಸ್ ಎಂಬ ಹೊಸ ಕುಲವನ್ನು ಸ್ಥಾಪಿಸಿದರು. ಎರಡು ರಂಧ್ರಗಳೆಂಬ ಅರ್ಥ ಆ ಹೆಸರಿನಲ್ಲೇ ಅಡಗಿದೆ. ಅಮೆರಿಕದ ನೆಲದಲ್ಲಿರುವ ಇಂತಹ ಹುಳುಗಳಲ್ಲಿ ಸ್ವದೇಶಿ ಯಾವುದು, ಪರದೇಶದಿಂದ ಬಂದದ್ದು ಯಾವುದು ಎಂಬುದನ್ನು 1943ರಲ್ಲಿ ವಿಂಗಡಿಸಿದರು.

ಅಕಶೇರುಕಗಳನ್ನು ಕುರಿತ ಆಕೆಯ ಆರು ಸಂಪುಟಗಳು 1940ರಿಂದ 1967ರವರೆಗೆ ಹೊರಬಂದವು. 1954ರಲ್ಲಿ ಅಮೆರಿಕದ ರಾಷ್ಟ್ರೀಯ ವಿಜ್ಞಾನ ಅಕಾಡೆಮಿ ಆಕೆಯನ್ನು ಸದಸ್ಯರನ್ನಾಗಿ ಆರಿಸಿತು. ಕೊನೆಗಾಲದಲ್ಲಿ ಪಾರ್ಕಿನ್ಸನ್ ಬೇನೆ ಮೈಯನ್ನು ಕುಗ್ಗಿಸಿದರೂ ಬರವಣಿಗೆ ನಿಲ್ಲಲಿಲ್ಲ. 1969ರಲ್ಲಿ ತೀರಿಕೊಂಡರು.

ಓದಿನಿಂದ ಅನ್ನ ಹುಟ್ಟೀತೇ ಎಂಬ ಪ್ರಶ್ನೆ ನಮ್ಮಂಥವರ ಮನೆಗಳಲ್ಲಿ ನ್ಯಾಯವಾದದ್ದೇ. ಹೈಮನ್ ಅದನ್ನು ಕಡೆಗಣಿಸಲಿಲ್ಲ. ಕೈಪಿಡಿಗಳಿಂದ ಹೊಟ್ಟೆಯ ಚಿಂತೆಯನ್ನು ನೀಗಿಕೊಂಡು, ಉಳಿದ ಆಯುಷ್ಯವನ್ನು ಹುಳುಗಳಿಗೆ ಕೊಟ್ಟರು. ವಿದ್ಯೆಯ ಈ ಲೆಕ್ಕಾಚಾರ ನನಗೆ ಒಪ್ಪಿಗೆಯಾಗಿದೆ.